ಓದುಗರ ಪ್ರಶ್ನೆ: ವೆಬ್‌ಸೈಟಿಗೆ ಬಂದವರು ಕೊಳ್ಳದೆ ಏಕೆ ಹೋಗುತ್ತಾರೆ?

ಪ್ರಶ್ನೆ: ಚಿಕ್ಕಪೇಟೆಯಲ್ಲಿ ನಮ್ಮದು ತಂದೆಯವರ ಕಾಲದಿಂದ ನಡೆದುಬಂದ ಸೀರೆ ಅಂಗಡಿ. ಹೊರ ಊರಿನ ಗ್ರಾಹಕರಿಗೂ ಅನುಕೂಲವಾಗಲೆಂದು ಎರಡು ವರ್ಷಗಳ ಹಿಂದೆ ವೆಬ್‌ಸೈಟ್ ಮಾಡಿಸಿದೆವು. ದಿನವೂ ಸಾಕಷ್ಟು ಜನ ಬಂದು ನೋಡುತ್ತಾರೆ, ಸೀರೆಯನ್ನು ಕಾರ್ಟಿಗೂ ಹಾಕಿಕೊಳ್ಳುತ್ತಾರೆ. ಆದರೆ ಹಣ ಕೊಟ್ಟು ಕೊಳ್ಳುವವರು ಬಹಳ ಕಡಿಮೆ. ಪೂರ್ತಿ ಹೊಸ ವಿನ್ಯಾಸ ಮಾಡಿಸಬೇಕೆಂದು ಸೈಟ್ ಮಾಡಿಕೊಟ್ಟವರು ಹೇಳುತ್ತಿದ್ದಾರೆ. ಅಷ್ಟು ಖರ್ಚು ಮಾಡುವುದು ಸರಿಯೇ?
— ಓದುಗರು, ಚಿಕ್ಕಪೇಟೆ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಕಾರ್ಟಿಗೆ ಹಾಕಿಕೊಂಡವರಲ್ಲಿ ಹೆಚ್ಚಿನವರಿಗೆ ಸೀರೆ ಹಿಡಿಸಿದೆ, ಕಂಡ ಬೆಲೆಯೂ ಒಪ್ಪಿಗೆಯಾಗಿದೆ ಎಂದೇ ಅರ್ಥ. ಅವರನ್ನು ತಡೆದಿರುವುದು ಅದರ ಮುಂದಿನ ಯಾವುದೋ ಹಂತ. ಅದು ಯಾವುದೆಂದು ತಿಳಿಯದೆ ಬಣ್ಣವನ್ನೂ ಬ್ಯಾನರನ್ನೂ ಬದಲಿಸಿದರೆ, ಹೊಸ ಸೈಟಿನಲ್ಲೂ ಅದೇ ತೊಡಕು ಉಳಿದುಕೊಳ್ಳುತ್ತದೆ.

ತಿಳಿಯುವ ದಾರಿ ಸುಲಭವಾಗಿದೆ, ಖರ್ಚೂ ಇಲ್ಲ. ನಿಮ್ಮ ಸೈಟನ್ನು ಎಂದೂ ನೋಡಿರದ ಐದು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಅವರ ಮೊಬೈಲಿನಲ್ಲೇ, ಅಂಗಡಿಯ ವೈಫೈ ಬಿಟ್ಟು ಅವರದೇ ಡೇಟಾದಲ್ಲಿ, ‘ಮೂರು ಸಾವಿರ ರೂಪಾಯಿಯೊಳಗಿನ ಒಂದು ಇಳಕಲ್ ಸೀರೆ ಆರಿಸಿ, ಹಣ ಕೊಡುವ ಪುಟದವರೆಗೆ ಹೋಗಿ’ ಎಂದಷ್ಟೇ ಹೇಳಿ ಸುಮ್ಮನೆ ನೋಡುತ್ತಾ ಕುಳಿತುಕೊಳ್ಳಿ. ಅವರು ತಡವರಿಸಿದಾಗ ‘ಅಲ್ಲಿ ಒತ್ತಿ’ ಎಂದು ಬಾಯಿ ಹಾಕಬೇಡಿ, ಏಕೆಂದರೆ ನಿಜವಾದ ಗ್ರಾಹಕರ ಪಕ್ಕದಲ್ಲಿ ನೀವು ಇರುವುದಿಲ್ಲ. ಬಳಕೆದಾರರ ಅನುಭವವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಅವರು 2000ರಲ್ಲೇ ಬರೆದಂತೆ, ಇಂಥ ಪರೀಕ್ಷೆಗೆ ಐದು ಜನ ಸಾಕು. ಮುಖ್ಯ ತೊಡಕುಗಳಲ್ಲಿ ಹೆಚ್ಚಿನವು ಅಷ್ಟರಲ್ಲೇ ಹೊರಬೀಳುತ್ತವೆ. ಆದರೆ ಆ ಐವರು ನಿಮ್ಮ ಮನೆಯವರೂ ಅಂಗಡಿಯ ಹುಡುಗರೂ ಆಗಿರಬಾರದು. ನಿಮ್ಮ ಗ್ರಾಹಕರಲ್ಲಿ ಹಿರಿಯ ಹೆಂಗಸರು ಹೆಚ್ಚಾಗಿದ್ದರೆ ಐವರಲ್ಲಿಯೂ ಅವರೇ ಹೆಚ್ಚಾಗಿರಲಿ.

ನೀವು ನೋಡಬೇಕಾದ ಮೊದಲ ಜಾಗ ವಿಳಾಸ ತುಂಬುವ ಪುಟ. ಸೀರೆಯಂಥ ವ್ಯಾಪಾರದಲ್ಲಿ ಗ್ರಾಹಕರು ಹಿಂದೆ ಸರಿಯುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಒಂದು ಸೀರೆ ಕೊಳ್ಳಲು ಬಂದವರಿಗೆ ಖಾತೆ ತೆರೆಯಿರಿ, ಪಾಸ್‌ವರ್ಡ್ ಕೊಡಿ, ಅದರಲ್ಲಿ ದೊಡ್ಡಕ್ಷರವೂ ಅಂಕಿಯೂ ಇರಲಿ ಎಂದು ಒತ್ತಾಯಿಸಿದರೆ ಅವರು ಪುಟವನ್ನೇ ಮುಚ್ಚುತ್ತಾರೆ. ಮೊಬೈಲ್ ಸಂಖ್ಯೆ ಮತ್ತು ವಿಳಾಸ ಪಡೆದು ಖಾತೆಯಿಲ್ಲದೆಯೇ ಕೊಳ್ಳಲು ಬಿಡಿ. ಮೊಬೈಲ್ ಸಂಖ್ಯೆಯ ಜಾಗವನ್ನು ಮುಟ್ಟಿದಾಗ ಅಂಕಿಗಳ ಕೀಬೋರ್ಡ್ ತೆರೆದುಕೊಳ್ಳುತ್ತದೆಯೇ, ಅಥವಾ ಅಕ್ಷರಗಳದ್ದೇ? ಸಂಖ್ಯೆಯ ನಡುವೆ ಒಂದು ಖಾಲಿ ಜಾಗ ಬಿಟ್ಟರೆ ಸೈಟ್ ಅದನ್ನು ತಾನೇ ತೆಗೆದುಹಾಕುತ್ತದೆಯೇ, ಅಥವಾ ತಪ್ಪು ಎಂದು ಕೆಂಪಕ್ಷರದಲ್ಲಿ ಗದರುತ್ತದೆಯೇ? ಪಿನ್ ಕೋಡ್ ತಪ್ಪಾದಾಗ ತುಂಬಿದ್ದೆಲ್ಲವೂ ಅಳಿಸಿಹೋಗುತ್ತದೆಯೇ? ತುಂಬುವ ಜಾಗದ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ, ಐಫೋನಿನಲ್ಲಿ ಅದನ್ನು ಮುಟ್ಟಿದೊಡನೆ ಇಡೀ ಪುಟ ಹಿಗ್ಗಿ ಪಕ್ಕಕ್ಕೆ ಸರಿಯುತ್ತದೆ. ಇವೆಲ್ಲ ಸಣ್ಣ ಸಂಗತಿಗಳು, ಬಲ್ಲವರಿಗೆ ಒಂದೆರಡು ದಿನಗಳ ಕೆಲಸ. ಹೊಸ ವಿನ್ಯಾಸದ ಖರ್ಚಿಗೆ ಹೋಲಿಸಿದರೆ ಇದು ಏನೇನೂ ಅಲ್ಲ.

ಎರಡನೆಯದು ಬೆಲೆ. ಸೀರೆಯ ಪುಟದಲ್ಲಿ 2,800 ರೂಪಾಯಿ ಎಂದಿದ್ದು, ಹಣ ಕೊಡುವ ಕೊನೆಯ ಪುಟದಲ್ಲಿ ತೆರಿಗೆ, ಪ್ಯಾಕಿಂಗ್, ಕೊರಿಯರ್ ಎಲ್ಲ ಸೇರಿ 3,100 ಆದರೆ ಗ್ರಾಹಕರಿಗೆ ಅನ್ನಿಸುವುದು ಮೋಸ ಎಂದೇ. ಕಾನೂನೂ ಅವರ ಪರವಾಗಿದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ, ಅದರ ವಿವರಗಳೊಂದಿಗೆ ತೋರಿಸಬೇಕು; ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರು, ಸಂಪರ್ಕ ವಿವರ ಸೈಟಿನಲ್ಲಿರಬೇಕು; ದೂರು ತಲುಪಿದೆಯೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಬೆಲೆಯನ್ನು ಹಂತಹಂತವಾಗಿ ಹೊರಗೆಡಹುವುದು, ಕೇಳದೆಯೇ ಕಾರ್ಟಿಗೆ ಏನನ್ನಾದರೂ ಸೇರಿಸುವುದು, ದಾಸ್ತಾನು ಬೇಕಾದಷ್ಟಿದ್ದರೂ ‘ಇನ್ನು ಎರಡೇ ಸೀರೆ ಉಳಿದಿವೆ’ ಎಂದು ಅವಸರಪಡಿಸುವುದು ಅವುಗಳಲ್ಲಿ ಸೇರಿವೆ. ವ್ಯಾಪಾರ ಹೆಚ್ಚಿಸುತ್ತದೆಂದು ಯಾರಾದರೂ ಇಂಥವನ್ನು ನಿಮಗೆ ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ. ತಲೆಮಾರುಗಳಿಂದ ಉಳಿಸಿಕೊಂಡ ಹೆಸರು ಅದಕ್ಕಿಂತ ದೊಡ್ಡದು.

ಇನ್ನು ಸೀರೆಯ ಚಿತ್ರ. ಅಂಗಡಿಯಲ್ಲಾದರೆ ನೀವು ಸೀರೆ ಬಿಚ್ಚಿ, ಸೆರಗು ಹರಡಿ, ಅಂಚನ್ನು ಕೈಗೆ ಕೊಡುತ್ತೀರಿ. ಸೈಟಿನಲ್ಲಿ ಆ ಕೆಲಸವನ್ನೆಲ್ಲ ಚಿತ್ರಗಳೇ ಮಾಡಬೇಕು. ಇಳಕಲ್ ಸೀರೆಯಾದರೆ ಅದರ ಗುರುತಾದ ಟೋಪ್ ತೆನಿ ವಿನ್ಯಾಸದ ಸೆರಗು ಪೂರ್ತಿಯಾಗಿ ಕಾಣುವ ಒಂದು ಚಿತ್ರ, ಸೆರಗೂ ಒಡಲೂ ಕೂಡುವ ಜಾಗದ ಸಮೀಪ ಚಿತ್ರವೊಂದು, ಹಗಲಿನ ಬೆಳಕಿನಲ್ಲಿ ತೆಗೆದದ್ದು ಒಂದು ಇರಲಿ. ನೂಲು ಯಾವುದು, ಉದ್ದ ಎಷ್ಟು, ರವಿಕೆ ಕಣ ಇದೆಯೇ, ಒಗೆಯುವುದು ಹೇಗೆ, ಹಿಡಿಸದಿದ್ದರೆ ಹಿಂದಿರುಗಿಸಬಹುದೇ ಎಂಬುದು ಚಿತ್ರದ ಕೆಳಗೇ ಇರಲಿ. ಈ ಪ್ರಶ್ನೆಗಳನ್ನು ಗ್ರಾಹಕರು ಫೋನಿನಲ್ಲಿ ನಿಮ್ಮನ್ನು ದಿನವೂ ಕೇಳುತ್ತಿರುತ್ತಾರೆ; ಅಂಗಡಿಯ ಫೋನಿನ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟು ಬಂದ ಪ್ರಶ್ನೆಗಳನ್ನು ಒಂದು ವಾರ ಬರೆಸಿದರೆ, ಪುಟದಲ್ಲಿ ಏನಿರಬೇಕೆಂಬ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಚಿತ್ರ ಚೆನ್ನಾಗಿರಬೇಕೆಂದರೆ ಕಡತ ಭಾರವಾಗಿರಬೇಕೆಂದಲ್ಲ. ಕ್ಯಾಮೆರಾದಿಂದ ಬಂದ ಐದು ಎಂಬಿ ಚಿತ್ರವನ್ನು ಹಾಗೆಯೇ ಏರಿಸದೆ, ಪರದೆಗೆ ಬೇಕಾದಷ್ಟು ಅಳತೆಗೆ ಇಳಿಸಿ ವೆಬ್‌ಪಿ ಎಂಬ ಹಗುರವಾದ ಕಡತ ರೂಪದಲ್ಲಿ ಕೊಟ್ಟರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಯೊಳಗೆ ಬರುತ್ತದೆ. ಗೂಗಲ್‌ನ ಮಾನದಂಡದಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು, ಮುಟ್ಟಿದ್ದಕ್ಕೆ ಪುಟ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು; ಅದೂ ಬಂದವರಲ್ಲಿ ಮುಕ್ಕಾಲು ಪಾಲಿನವರಿಗೆ ಹಾಗೆ ಆಗುತ್ತಿರಬೇಕು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸೌಲಭ್ಯದಲ್ಲಿ ನಿಮ್ಮ ಸೈಟಿನ ವಿಳಾಸ ಕೊಟ್ಟರೆ ಈ ಅಂಕಿಗಳನ್ನು ನೀವೇ ನೋಡಬಹುದು. ಪ್ರತಿ ಚಿತ್ರದ ಅಗಲ, ಎತ್ತರಗಳನ್ನು ಮೊದಲೇ ನಮೂದಿಸಲು ಹೇಳಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು ಕೂರುವಾಗ, ಒತ್ತಲು ಹೋದ ಬಟನ್ ಕೆಳಕ್ಕೆ ಜಾರಿ ಬೆರಳು ಬೇರೆಯದರ ಮೇಲೆ ಬೀಳುತ್ತದೆ.

ಇಷ್ಟನ್ನು ಮಾಡಿ ಎರಡು ತಿಂಗಳು ಲೆಕ್ಕ ನೋಡಿ. ಆಗಲೂ ಕೊಳ್ಳುವವರು ಹೆಚ್ಚದಿದ್ದರೆ ಹೊಸ ವಿನ್ಯಾಸದ ಮಾತು ಆಡಬಹುದು.

ಪ್ರಶ್ನೆ: ನಾವು ಪೀಣ್ಯದಲ್ಲಿ ಕೃಷಿ ಪಂಪುಗಳ ಬಿಡಿಭಾಗ ತಯಾರಿಸುತ್ತೇವೆ. ರೈತರಿಗಾಗಿ ಸೈಟಿನಲ್ಲಿ ಕನ್ನಡ ಪುಟಗಳನ್ನೂ ಸೇರಿಸಿದ್ದೇವೆ. ಆದರೆ ಕೆಲವರ ಮೊಬೈಲಿನಲ್ಲಿ ಅಕ್ಷರಗಳು ಗೋಜಲಾಗಿ ಕಾಣುತ್ತವೆ ಎಂಬ ದೂರು ಬರುತ್ತಿದೆ.
— ಓದುಗರು, ಪೀಣ್ಯ

ಉತ್ತರ: ನಿಮ್ಮ ಪಠ್ಯವನ್ನು ಡಿಟಿಪಿ ಕೆಲಸಕ್ಕೆ ಬಳಸುವ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಬೆರಳಚ್ಚು ಮಾಡಿ ಹಾಗೆಯೇ ಏರಿಸಿರುವ ಸಾಧ್ಯತೆ ಹೆಚ್ಚು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಗೂಗಲ್ ಹುಡುಕಾಟದಲ್ಲೂ ಸಿಗುವುದಿಲ್ಲ. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಬ್ಬರು ಕುಳಿತು ತಿದ್ದಬೇಕು. ನೋಟೊ ಸ್ಯಾನ್ಸ್ ಕನ್ನಡದಂಥ ಉಚಿತ ಫಾಂಟನ್ನು ಸೈಟಿನ ಜೊತೆಗೇ ಕೊಡಿ. ಇಂಗ್ಲಿಷ್ ಪುಟಕ್ಕೆ ಇಟ್ಟ ಸಾಲುಗಳ ಅಂತರವನ್ನೇ ಕನ್ನಡಕ್ಕೂ ಇಟ್ಟರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಹೆಚ್ಚು ಅಂತರ ಕೊಡಿ.

ಭಾಷೆ ಬದಲಿಸುವ ಬಟನ್ ಮೇಲೆ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದಿರಲಿ. ಅದನ್ನು ಒತ್ತಿದಾಗ ಮುಖಪುಟಕ್ಕೆ ಎಸೆಯದೆ, ನೋಡುತ್ತಿದ್ದ ಪುಟದ ಕನ್ನಡ ರೂಪವೇ ತೆರೆಯಬೇಕು. ಹುಡುಕುವ ಜಾಗದಲ್ಲಿ ಬಿಡಿಭಾಗದ ಹೆಸರನ್ನು ಕನ್ನಡದಲ್ಲಿ ಬರೆದರೂ, ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ತೋಚಿದಂತೆ ಬರೆದರೂ ಸಿಗುವಂತಿರಲಿ. ನಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ಹಾಗೆಯೇ ಬರೆಯುತ್ತಾರೆ.

ಪ್ರಶ್ನೆ: ಜಯನಗರದಲ್ಲಿ ನಾನು ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತೇನೆ. ಹಿರಿಯರು ನಮ್ಮ ಸೈಟನ್ನು ಓದಲಾಗುವುದಿಲ್ಲ ಎನ್ನುತ್ತಾರೆ. ವಿಳಾಸವನ್ನು ಕೆಳಗೆ ಕೊಟ್ಟಿದ್ದೇನೆ.
— ಓದುಗರು, ಜಯನಗರ

ಉತ್ತರ: ನೋಡಿದೆ. ತಿಳಿಬೂದು ಅಕ್ಷರಗಳು ಬಿಳಿಯ ಮೇಲಿವೆ, ಅವನ್ನು ಕಪ್ಪಾಗಿಸಿ. ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕು. ಪುಟವನ್ನು ಬೆರಳಿನಿಂದ ಹಿಗ್ಗಿಸದಂತೆ ತಡೆದಿರುವುದನ್ನು ಕೂಡಲೇ ತೆಗೆಸಿ. ಅಂಗವಿಕಲರೂ ಬಳಸುವಂತೆ ಸೇವೆ ಒದಗಿಸಬೇಕೆಂಬ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೊಣೆ ಖಾಸಗಿ ಸೇವೆಗಳಿಗೂ ಇದೆ. ಆಂಡ್ರಾಯ್ಡ್ ಫೋನಿನಲ್ಲಿ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು, ಕಣ್ಣು ಮುಚ್ಚಿ, ಭೇಟಿಯ ಸಮಯ ಗೊತ್ತುಮಾಡಲು ಸಾಧ್ಯವೇ ಎಂದು ನೀವೇ ಪರೀಕ್ಷಿಸಿ. ನಿಮ್ಮ ಫೋನ್ ಸಂಖ್ಯೆ ಈಗ ಒಂದು ಚಿತ್ರದೊಳಗಿದೆ. ಅದನ್ನು ಪಠ್ಯವಾಗಿ ಬರೆಸಿ, ಪ್ರತಿ ಪುಟದ ಮೇಲ್ಭಾಗದಲ್ಲಿಟ್ಟು, ಮುಟ್ಟಿದರೆ ನೇರವಾಗಿ ಕರೆ ಹೋಗುವಂತೆ ಮಾಡಿಸಿ.