ಮೌಸ್ ಕರ್ಸರ್ ತಾನೇ ಮೇಲೆ ಓಡುತ್ತಿದೆ, ಎಲ್ಲಿ ತಪ್ಪಿದೆ?

ನೀವು ಕೇಳಿದ್ದು ಇಷ್ಟು: ಚಿಕ್ಕ ಬೋರ್ಡಿಗೆ ಸ್ವಂತ ಓಎಸ್ (ಆಪರೇಟಿಂಗ್ ಸಿಸ್ಟಂ) ಬರೆಯುತ್ತಿದ್ದೀರಿ. ಪಿಎಸ್/2 (ಹಳೆಯ ದುಂಡು ಪ್ಲಗ್ಗಿನ) ಮೌಸ್ ಸ್ವಲ್ಪ ಹೊತ್ತು ಚೆನ್ನಾಗಿ ನಡೆಯುತ್ತದೆ, ಆಮೇಲೆ ಕರ್ಸರ್ ಪರದೆಯ ಅಂಚಿಗೆ ಓಡುತ್ತದೆ, ಒತ್ತದೆಯೇ ಕ್ಲಿಕ್ ಆಗುತ್ತದೆ. ಮೌಸ್ ಬದಲಿಸಿದರೂ ಅದೇ ಹಾಡು.

ಮೌಸ್ ಸರಿಯಾಗೇ ಇದೆ. ಅದು ಕಳಿಸಿದ ಒಂದು ಬೈಟ್ (ಎಂಟು ಬಿಟ್, ಅಂದರೆ ಎಂಟು 0-1ಗಳ ಸಾಲು) ಕಳೆದುಹೋಗಿದೆ, ಅಷ್ಟೇ.

ನಾನು ಹುಬ್ಬಳ್ಳಿಯಲ್ಲಿ ಇಂಥ ಬೋರ್ಡ್ ಮಾಡಿಕೊಡುವವನು. ಗದಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿಗೆ ತೂಕ ತೋರಿಸುವ ಪುಟ್ಟ ಸ್ಕ್ರೀನ್ ಮಾಡಿಕೊಟ್ಟಿದ್ದೆ. ನನ್ನ ಟೇಬಲ್ ಮೇಲೆ ಮೂರು ದಿನ ಓಡಿಸಿದರೂ ಏನೂ ಆಗಲಿಲ್ಲ. ಅಲ್ಲಿ ದೊಡ್ಡ ಮೋಟರ್ ಚಾಲೂ ಆಗಿದ್ದೇ ತಡ, ಫೋನ್ ಬಂತು: "ಸರ, ಬಾಣ ಮ್ಯಾಲ ಹೋಗಿ ಕುಂತೈತ್ರಿ." ಆ 'ಮ್ಯಾಲ' ಅನ್ನೋ ಮಾತಲ್ಲೇ ಉತ್ತರ ಇತ್ತು. ನನಗೆ ಹೊಳೆಯಲು ಎರಡು ದಿನ ಹಿಡಿಯಿತು.

ನೋಡಿ, ಮೌಸ್ ತನ್ನ ಚಲನೆಯನ್ನು ಕಂತು ಕಂತಾಗಿ ಕಳಿಸುತ್ತದೆ. ಆ ಕಂತೇ ಪ್ಯಾಕೆಟ್, ಪ್ಯಾಕೆಟ್ಟಿಗೆ ಮೂರು ಬೈಟ್. ಮೊದಲನೆಯದು ಬಟನ್ ಮತ್ತು ಚಲನೆಯ +/- ಚಿಹ್ನೆಗಳು, ಎರಡನೆಯದು ಅಡ್ಡ ಚಲನೆ, ಮೂರನೆಯದು ಮೇಲೆ-ಕೆಳಗೆ. ಮೊದಲ ಬೈಟಿನ 3ನೇ ಬಿಟ್ (0ಯಿಂದ ಎಣಿಸಿ) ಯಾವಾಗಲೂ 1. ಅಂದರೆ ಯಾವ ಬಟನ್ನೂ ಒತ್ತದೆ ಬಲಕ್ಕೆ ಸರಿಸಿದರೆ ಅದರ ಬೆಲೆ 8. ಈಗ ಮೋಟರಿನ ವಿದ್ಯುತ್ ಗದ್ದಲಕ್ಕೆ ನಡುವೆ ಒಂದು ಬೈಟ್ ಬಿದ್ದುಹೋಯಿತು ಅನ್ನಿ. ಎಲ್ಲವೂ ಒಂದು ಸ್ಥಾನ ಸರಿಯುತ್ತದೆ. ಬಲಕ್ಕೆ 3 ಎಂಬ ಚಲನೆ ಬಟನ್ ಬೈಟಿನ ಜಾಗಕ್ಕೆ ಬರುತ್ತದೆ, ಎಡ-ಬಲ ಎರಡೂ ಬಟನ್ ಒತ್ತಿದಂತೆ! ಆ 8 ಮೂರನೇ ಜಾಗಕ್ಕೆ ಹೋಗಿ ಪ್ರತಿ ಪ್ಯಾಕೆಟ್ಟಿಗೂ ಕರ್ಸರನ್ನು 8 ಚುಕ್ಕೆ ಮೇಲೆ ತಳ್ಳುತ್ತದೆ. ಸೆಕೆಂಡಿಗೆ 100 ಪ್ಯಾಕೆಟ್ ಬಂದರೆ 800 ಚುಕ್ಕೆ. ನನ್ನ ಪರದೆಯ ಎತ್ತರವೇ 240. ಎಡಕ್ಕೆ ಸರಿಸಿದರೆ ಇನ್ನೂ ತಮಾಷೆ: -3 ಬೈಟಿನಲ್ಲಿ 256-3, ಅಂದರೆ 253, ಅದರಲ್ಲಿ ಚಿಹ್ನೆಯ ಬಿಟ್‌ಗಳೂ 1. ಮೂರನೇ ಜಾಗಕ್ಕೆ ಬರುವ ಬೈಟೂ ಈಗ 8 ಅಲ್ಲ, ಎಡದ ಚಿಹ್ನೆಯ 16 ಸೇರಿ 24. 24-256 ಅಂದರೆ -232, ಹಾಗಾಗಿ ಕರ್ಸರ್ ಒಂದೇ ಏಟಿಗೆ 232 ಚುಕ್ಕೆ ಕೆಳಗೆ ಧೊಪ್ಪನೆ ಬೀಳುತ್ತದೆ.

ಪರಿಹಾರ ನಾಲ್ಕೈದು ಸಾಲಿನ ಕೋಡ್. ಮೊದಲ ಬೈಟ್ ಅಂದುಕೊಂಡಿದ್ದರಲ್ಲಿ 3ನೇ ಬಿಟ್ 0 ಇದ್ದರೆ ಆ ಒಂದೇ ಬೈಟ್ ಎಸೆಯಿರಿ, ಮೂರನ್ನೂ ಅಲ್ಲ. ನಾನು ಮೊದಲು ಮೂರನ್ನೂ ಎಸೆದು ಅದೇ ತಪ್ಪಿನಲ್ಲೇ ಸುತ್ತುತ್ತಿದ್ದೆ. 253ರಲ್ಲಿ ಆ ಬಿಟ್ 1 ಇರುವುದರಿಂದ ಅದು ನುಸುಳುತ್ತದೆ. ಆದ್ದರಿಂದ 6, 7ನೇ ಬಿಟ್ 1 ಇದ್ದರೂ ಎಸೆಯಿರಿ. ಅವು ಚಲನೆ ಅಳತೆ ಮೀರಿತು ಎಂದು ಹೇಳುವ ಬಿಟ್‌ಗಳು, ದಿನದ ಬಳಕೆಯಲ್ಲಿ ಬರುವುದೇ ಅಪರೂಪ. ಇನ್ನೂ ನುಸುಳುವ ಬೆಲೆಗಳಿವೆ, ಉದಾಹರಣೆಗೆ 9. ಅದಕ್ಕೆ ಸಮಯ ನೋಡಿ: ಪ್ಯಾಕೆಟ್ ಅರ್ಧಕ್ಕೆ ನಿಂತು 20 ಮಿಲಿಸೆಕೆಂಡ್ ಆದರೆ ಎಷ್ಟನೇ ಬೈಟ್ ಎಂಬ ಎಣಿಕೆ ಮತ್ತೆ 0.

ಇಂಟರಪ್ಟ್ (ಬೈಟ್ ಬಂದ ಕೂಡಲೇ ಉಳಿದ ಕೆಲಸ ನಿಲ್ಲಿಸಿ ಓಡುವ ಕೋಡ್) ಒಳಗೆ ಕರ್ಸರ್ ಬಿಡಿಸುತ್ತಿದ್ದೀರಾ? ಬೇಡ. ಬೈಟ್ ಕಳೆಯುವುದಕ್ಕೆ ಅದೂ ಕಾರಣವಾಗುತ್ತದೆ. ಅಲ್ಲಿ ಬೈಟನ್ನು ಬಫರಿಗೆ (ತಾತ್ಕಾಲಿಕವಾಗಿ ಕೂಡಿಡುವ ಜಾಗಕ್ಕೆ) ಹಾಕಿ ಸುಮ್ನೆ ಹೊರಬನ್ನಿ, ಬಿಡಿಸುವುದು ಆಮೇಲೆ.

ಸರಿಯಾಯಿತೋ ಇಲ್ಲವೋ ನೋಡಲು ಮೋಟರ್ ಬೇಕಿಲ್ಲ. ಪ್ರತಿ 500ನೇ ಬೈಟನ್ನು ಬೇಕಂತಲೇ ಎಸೆದು ಮೌಸ್ ಅಲ್ಲಾಡಿಸಿ. ಕರ್ಸರ್ ಒಮ್ಮೆ ತಡವರಿಸಿ ಮತ್ತೆ ದಾರಿಗೆ ಬರಬೇಕು.