ಸರ ಅವರದು ಹೋಯಿತು, ನಿದ್ದೆ ನನ್ನದು

ಪ್ರಶ್ನೆ: ಡಾಕ್ಟ್ರಮ್ಮಾ, ನನಗೆ 57 ವರ್ಷ. ಎರಡು ತಿಂಗಳ ಹಿಂದೆ, ಬೆಳಗಿನ ಆರು ಗಂಟೆ. ಎದುರುಮನೆಯಾಕೆ ರಂಗೋಲಿ ಹಾಕುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಮಾಂಗಲ್ಯ ಸರ ಕಿತ್ತುಕೊಂಡು ಹೋದರು. ನಾನು ಹಾಲಿನ ಪಾಕೀಟು ಹಿಡಿದು ಗೇಟಿನಲ್ಲೇ ನಿಂತಿದ್ದೆ, ಬಾಯಿಂದ ದನಿ ಹೊರಡಲಿಲ್ಲ. ಆವತ್ತಿನಿಂದ ನಮ್ಮ ಬಾಗಿಲಿಗೆ ರಂಗೋಲಿಯಿಲ್ಲ. ರಾತ್ರಿ ಮೂರು ಸಲ ಎದ್ದು ಚಿಲಕ ನೋಡುತ್ತೇನೆ. ಬೈಕಿನ ಸದ್ದಿಗೆ ಎದೆ ಡವಡವ ಅನ್ನುತ್ತದೆ. ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಆಳೆತ್ತರ ಬೆಳೆದಿದೆ, ಬೀದಿದೀಪ ಕೆಟ್ಟಿದೆ. ‘ನಿನಗೇನೂ ಆಗಿಲ್ವಲ್ಲಮ್ಮ’ ಅಂತಾನೆ ಮಗ. ನನಗೇನಾಗಿದೆ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಕ್ಕಾ, ನಿಮಗೆ ಆಗಿದೆ. ಕಣ್ಣೆದುರು ನಡೆದದ್ದು ನೋಡಿದವರನ್ನೂ ಗಾಯ ಮಾಡುತ್ತದೆ. ದನಿ ಹೊರಡದೇ ಇದ್ದದ್ದು ಹೇಡಿತನವಲ್ಲ. ಗಾಬರಿಯಲ್ಲಿ ಮೈ ಮರಗಟ್ಟುವುದು ಯಾರ ಕೈಯಲ್ಲೂ ಇಲ್ಲ. ಈಗ ಬೈಕಿನ ಸದ್ದು ಕೇಳಿದೊಡನೆ, ಅದು ಹಾಲಿನವನದೋ ಕಳ್ಳನದೋ ಎಂದು ಯೋಚಿಸುವ ಮೊದಲೇ ಮೈ ಓಡಲು ಸಿದ್ಧವಾಗುತ್ತಿದೆ.

ನಮ್ಮಮ್ಮನಿಗೂ ಹೀಗೇ ಆಗಿತ್ತು. ನಾವು ಊರಿಗೆ ಹೋದಾಗ ಮನೆ ಕಳವಾಯಿತು. ‘ಹೋದದ್ದು ಬೆಳ್ಳಿ ತಾನೆ’ ಎಂದು ನಾವೆಲ್ಲ ಸಮಾಧಾನ ಹೇಳಿದೆವು. ಆಕೆ ವರ್ಷಗಟ್ಟಲೆ ಬೀರುವಿನ ಬೀಗದಕೈ ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದಳು. ಯಾರೂ ಕೂತು ‘ಎಷ್ಟು ಹೆದರಿಕೆಯಾಯಿತಮ್ಮ’ ಎಂದು ಕೇಳಲಿಲ್ಲ. ಆಗಲೇ ಈ ವಿದ್ಯೆ ಓದುತ್ತಿದ್ದ ನಾನೂ ಕೇಳಲಿಲ್ಲ. ಈ ಕಾಲಂ ನಿಮ್ಮ ಮಗನಿಗೂ ತೋರಿಸಿ.

ಎರಡು ತಿಂಗಳಾದರೂ ಇಳಿಯದ ಭಯಕ್ಕೆ ಚಿಕಿತ್ಸೆ ಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416: ದಿನದ 24 ಗಂಟೆ, ಬಿಟ್ಟಿ, ಕನ್ನಡದಲ್ಲೇ ಮಾತಾಡಬಹುದು. ಮೆಡಿಕಲ್ ಶಾಪಿನಿಂದ ನಿದ್ದೆಮಾತ್ರೆ ಮಾತ್ರ ತರಿಸಬೇಡಿ, ಅಭ್ಯಾಸ ಹತ್ತಿಕೊಳ್ಳುತ್ತದೆ. ನಿಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಆ ಸಿಸಿಟಿವಿ ವಿಡಿಯೊ ಓಡಾಡುತ್ತಿದ್ದರೆ ಅಳಿಸಿ. ನೋಡಿದಷ್ಟು ಸಲ ಆ ಬೆಳಗು ಮರಳಿ ಬರುತ್ತದೆ.

ಇನ್ನು ರಂಗೋಲಿ. ಆರಕ್ಕೇ ಬೇಡ, ಬಿಸಿಲು ಬಂದಮೇಲೆ ಎಂಟಕ್ಕೆ, ಮಗನನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ನಾಲ್ಕು ಎಳೆ ಎಳೆಯಿರಿ. ಎದೆ ಹೊಡೆದುಕೊಳ್ಳುತ್ತದೆ, ಅರ್ಧಕ್ಕೇ ಎದ್ದು ಒಳಗೆ ಬರಬೇಡಿ, ಅದು ಇಳಿಯುವವರೆಗೆ ಅಲ್ಲೇ ಇರಿ. ವಾರ ಕಳೆದಂತೆ ಹೊತ್ತು ಹಿಂದಕ್ಕೆ ತನ್ನಿ.

ಖಾಲಿ ಸೈಟಿನ ಮಾತು ಬರೆದಿರಲ್ಲ, ಒಳ್ಳೆಯದಾಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿ, ಕೆಲವಕ್ಕೆ ಹುಲ್ಲು, ನಾಲ್ಕಾರು ಮರ, ಗಿಡ್ಡ ಬೇಲಿ ಹಾಕಿದರು. ಕೆಲವನ್ನು ಬರೀ ಗುಡಿಸಿದರು. ಉಳಿದವನ್ನು ಹಾಗೇ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು: ಹಸಿರಾದ ಜಾಗದ ಹತ್ತಿರದವರಲ್ಲಿ ‘ಮನಸ್ಸು ಕುಗ್ಗಿದೆ’ ಎನ್ನುವುದು, ಹಾಗೇ ಬಿಟ್ಟ ಜಾಗಗಳವರಿಗೆ ಹೋಲಿಸಿದರೆ, ಶೇ 41ರಷ್ಟು ಕಡಿಮೆಯಾಗಿತ್ತು. ಬರೀ ಗುಡಿಸಿದ ಕಡೆ ಅಂಥ ವ್ಯತ್ಯಾಸ ಕಾಣಲಿಲ್ಲ. ಯಾರೋ ಈ ಜಾಗ ನೋಡಿಕೊಳ್ಳುತ್ತಿದ್ದಾರೆ ಎಂಬುದು ಕಣ್ಣಿಗೆ ಬೀಳಬೇಕೇನೋ ಅನ್ನಿಸುತ್ತದೆ ನನಗೆ. ಹೆದರಿಕೆಗೆ ನಾವು ಒಳಗೆ ಸೇರಿದಷ್ಟೂ ಬೀದಿ ನಿರ್ಜನವಾಗುತ್ತದೆ, ಕಳ್ಳನಿಗೆ ಬೇಕಾದದ್ದೂ ಅದೇ. ದೀಪಕ್ಕೆ, ಸೈಟಿಗೆ ಹತ್ತು ಮನೆಯವರು ಸಹಿ ಹಾಕಿ ಪಾಲಿಕೆಗೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ. ಬೀಟ್ ಪೊಲೀಸರ ನಂಬರು ಎಲ್ಲರ ಫೋನಿನಲ್ಲಿರಲಿ.

ಮೊದಲ ಸಹಿಗೆ ಎದುರುಮನೆಗೇ ಹೋಗಿ. ಆ ತಾಯಿಗೆ ‘ಚಿನ್ನ ಹಾಕ್ಕೊಂಡು ಯಾಕೆ ಹೊರಗೆ ಬಂದ್ರಿ’ ಎಂದವರೇ ಹೆಚ್ಚಿರಬಹುದು. ಆ ಬೆಳಿಗ್ಗೆ ನಿಮ್ಮ ದನಿ ಹೊರಡದೇ ಹೋದದ್ದನ್ನು ಅವರಿಗೇ ಹೇಳಿ, ಅಕ್ಕಾ.