ಹಳೇ ಟೆಕ್ಟ್ರಾನಿಕ್ಸ್ 465 ಆಸಿಲೋಸ್ಕೋಪ್ (ವೋಲ್ಟೇಜ್ ಹೇಗೆ ಬದಲಾಗುತ್ತೆ ಅಂತ ಸ್ಕ್ರೀನಲ್ಲಿ ಗೆರೆಯಾಗಿ ತೋರ್ಸೋ ಮಷಿನ್) ಲೈಟ್ ಹತ್ತುತ್ತೆ, ಸ್ಕ್ರೀನಲ್ಲಿ ಗೆರೆ ಬರಲ್ಲ. ತಗೋಬಹುದಾ?

ಬೆಂಗಳೂರಿನ ಎಸ್‌ಪಿ ರೋಡಲ್ಲಿ ನೋಡಿದ್ದೀನಿ, ಗೆರೆ ಬರ್ತಿಲ್ಲ ಅಂತ ಅಂಗಡಿಯವ್ರೇ ಹೇಳಿದ್ರು ಅಂದಿದ್ದೀರಲ್ಲ, ಅಷ್ಟಕ್ಕೇ ಬೇಡ ಅನ್ಬೇಡಿ. 1972ರಲ್ಲಿ ಬಂದ ಮಾಡೆಲ್, ಎರಡು ಚಾನೆಲ್, 100 ಮೆಗಾಹರ್ಟ್ಜ್, ಸರ್ವೀಸ್ ಮ್ಯಾನ್ಯುಯಲಲ್ಲಿ ಪೂರ್ತಿ ಸರ್ಕ್ಯೂಟ್ ಸಿಗುತ್ತೆ, ರಿಪೇರಿ ಕಲಿಯೋರಿಗೆ ಇಂಥದ್ದೇ ಬೇಕು. ನೋಡ್ಬೇಕಾಗಿರೋದು ಒಂದೇ, ಟ್ಯೂಬ್ (ಗೆರೆ ಮೂಡಿಸೋ ಪಿಕ್ಚರ್ ಟ್ಯೂಬ್) ಜೀವಂತ ಇದ್ಯಾ ಅಂತ. ಮಿಕ್ಕಿದ್ದು ಹೆಚ್ಚಿನಂಶ ಸರಿ ಮಾಡ್ಬಹುದು, ಟ್ಯೂಬ್ ಮಾತ್ರ ಸಾಮಾನ್ಯವಾಗಿ ಇನ್ನೊಂದು 465 ಬಿಚ್ಚಿದ್ರೇನೇ ಸಿಗೋದು.

ಅಂಗಡೀಲೇ ಟ್ರಿಗರ್ ಆಟೋಗೆ ಹಾಕಿ, ಇನ್‌ಪುಟ್ ಗ್ರೌಂಡ್‌ಗೆ, ಪೊಸಿಷನ್ ನಾಬ್‌ಗಳು ಮಧ್ಯಕ್ಕೆ, ಇಂಟೆನ್ಸಿಟಿ ಏರಿಸಿ, ಬೀಮ್ ಫೈಂಡ್ ಬಟನ್ (ಸ್ಕ್ರೀನಿಂದಾಚೆ ಹೋದ ಗೆರೆಯನ್ನ ಒಳಗೆ ಎಳೆದು ತೋರ್ಸೋದು) ಒತ್ತಿ ಹಿಡ್ಕೊಳ್ಳಿ. ಎಲ್ಲಾದ್ರೂ ಮಸುಕಾಗಿ ಒಂದು ಚುಕ್ಕೆ ಕಂಡ್ರೂ ಟ್ಯೂಬು, ಹೈ ವೋಲ್ಟೇಜು ಎರಡೂ ಬದುಕಿವೆ, ಧೈರ್ಯವಾಗಿ ತಗೊಳ್ಳಿ (ಚುಕ್ಕೆ ಕಂಡ ತಕ್ಷಣ ಇಂಟೆನ್ಸಿಟಿ ಇಳಿಸಿ, ಒಂದೇ ಕಡೆ ನಿಂತ್ರೆ ಸ್ಕ್ರೀನಿನ ಹೊಳೆಯೋ ಲೇಪನ, ಅಂದ್ರೆ ಫಾಸ್ಫರ್, ಸುಟ್ಟೋಗುತ್ತೆ). ಏನೂ ಕಾಣ್ಲಿಲ್ಲ ಅಂದ್ರೆ ಬಿಡಿಭಾಗದ ರೇಟಿಗೆ ಮಾತ್ರ ಕೇಳಿ.

ಮನೆಗೆ ತಂದ್ಮೇಲೆ ನೇರ ಸಾಕೆಟ್‌ಗೆ ಹಾಕ್ಬೇಡಿ. ವೋಲ್ಟೇಜ್ ಸೆಲೆಕ್ಟರ್ 115ರಲ್ಲಿ ಇದ್ರೆ ನಮ್ಮ 230ಕ್ಕೆ ಬದ್ಲಾಯ್ಸಿ, ಫ್ಯೂಸೂ ಮ್ಯಾನ್ಯುಯಲ್ ಹೇಳಿದ್ದೇ ಹಾಕಿ, ಯಾರಾದ್ರೂ ಪ್ಲಗ್ಗಿನ ಅರ್ಥ್ ಪಿನ್ ಕಿತ್ತಿದ್ರೆ ಹೊಸ ಪ್ಲಗ್ ಹಾಕಿ, ಪ್ರೋಬ್‌ನ (ಸಿಗ್ನಲ್ ಅಳೆಯೋ ವೈರ್) ಗ್ರೌಂಡ್ ಕ್ಲಿಪ್ಪು, ಮಷಿನ್ನಿನ ಲೋಹದ ಮೈ ಎಲ್ಲಾ ಅರ್ಥ್‌ಗೇ ಸೇರಿರುತ್ತೆ, ಅದಿಲ್ದೆ ಮುಟ್ಟೋದು ಅಪಾಯ. ಆಮೇಲೆ 100 ವಾಟ್ ಹಳೇ ಫಿಲಮೆಂಟ್ ಬಲ್ಬನ್ನ ಮಷಿನ್‌ಗೆ ಹೋಗೋ ಕರೆಂಟ್ ದಾರೀಲಿ ಸೀರೀಸಲ್ಲಿ ಹಾಕಿ ಆನ್ ಮಾಡಿ, ಒಂದ್ಸಲ ಹೊಳೆದು ಮಂಕಾದ್ರೆ ಒಳ್ಳೇ ಲಕ್ಷಣ, ಪೂರ್ತಿ ಉರೀತಾನೇ ಇದ್ರೆ ಒಳಗೆಲ್ಲೋ ಶಾರ್ಟ್ ಇದೆ, ಆಫ್ ಮಾಡಿ. 465ರಲ್ಲಿ ಟ್ರಾನ್ಸ್‌ಫಾರ್ಮರ್ ಸಪ್ಲೈ ಇರೋದ್ರಿಂದ ಇದು ನಡಿಯುತ್ತೆ, ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಇರೋ ಮಷಿನ್‌ಗೆ ಇದನ್ನ ನಂಬ್ಬೇಡಿ, ಕಮ್ಮಿ ವೋಲ್ಟೇಜಿಗೆ ಅದು ಸ್ಟಾರ್ಟೇ ಆಗ್ದೆ ಒದ್ದಾಡ್ಬಹುದು.

ಬಲ್ಬ್ ಪಾಸಾದ್ರೆ ಅದನ್ನ ತೆಗೆದು ಐದು ರೈಲ್ (ಸಪ್ಲೈ ಒಳಗಿನ ಸರ್ಕ್ಯೂಟ್‌ಗಳಿಗೆ ಕೊಡೋ ಡಿಸಿ ವೋಲ್ಟೇಜ್‌ಗಳು) ಅಳೀರಿ: 110, 55, 15, 5, ಮೈನಸ್ 8 ವೋಲ್ಟ್. ಗೆರೆ ಇಲ್ಲ ಅಂತ ವರ್ಟಿಕಲ್ ಆಂಪ್ಲಿಫೈಯರ್‌ಗೇ (ಗೆರೆಯನ್ನ ಮೇಲೆ ಕೆಳಗೆ ಮಾಡೋ ಭಾಗ) ಕೈ ಹಾಕೋರು ಜಾಸ್ತಿ, ನಾನಂತೂ ರೈಲ್ ಸರಿಯಾಗೋವರ್ಗೂ ಬೇರೆ ಯಾವ್ದನ್ನೂ ಮುಟ್ಟಲ್ಲ. ಯಾವ್ದೋ ಒಂದು ಸೊನ್ನೆ ಹತ್ರ ಇದ್ರೆ ಆಫ್ ಮಾಡಿ ಆ ರೈಲಿಂದ ಗ್ರೌಂಡಿಗೆ ಓಮ್ಸ್ ನೋಡಿ, ಒಂದೆರಡು ಓಮ್ ಬಂದ್ರೆ ಮೊದಲ ಅನುಮಾನ ಟ್ಯಾಂಟಲಮ್ ಕೆಪಾಸಿಟರ್ ಮೇಲೆ, ಈ ಮಾಡೆಲಲ್ಲಿ ಅವು ಶಾರ್ಟ್ ಆಗೋದು ತುಂಬಾ ಕಾಮನ್. ಒಂದೊಂದೇ ಕೆಪಾಸಿಟರ್‌ನ ಒಂದು ಕಾಲು ಬೆಸುಗೆ ಬಿಡಿಸಿ ಎತ್ತಿ ಹುಡುಕಿ, ಹೊಸದನ್ನ ರೈಲಿನ ಎರಡು ಪಟ್ಟಾದ್ರೂ ವೋಲ್ಟೇಜ್ ರೇಟಿಂಗ್ ಇರೋದು ಹಾಕಿ. ವೋಲ್ಟೇಜ್ ಸರಿ ಇದ್ದು ರಿಪಲ್ (ಡಿಸಿ ಮೇಲೆ ಉಳಿಯೋ ಏರಿಳಿತ) ಜಾಸ್ತಿ ಇದ್ರೆ ದೊಡ್ಡ ಫಿಲ್ಟರ್ ಕೆಪಾಸಿಟರ್ ಒಣಗಿರುತ್ತೆ.

ಟ್ಯೂಬ್ ಕಡೆ ಮಾತ್ರ ಕೈ ಹಾಕ್ಬೇಡಿ, ಅಲ್ಲಿ ಒಟ್ಟು 18 ಕಿಲೋವೋಲ್ಟ್ ಹತ್ರ ಇರುತ್ತೆ, ಆಫ್ ಮಾಡಿದ್ಮೇಲೂ ಚಾರ್ಜ್ ಉಳ್ಕೊಂಡಿರುತ್ತೆ.

ಗೆರೆ ಬಂತಂದ್ರೆ ಪ್ರೋಬನ್ನ ಮುಂದಿರೋ ಕ್ಯಾಲಿಬ್ರೇಟರ್‌ಗೆ (ಪರೀಕ್ಷೆಗಂತ ಮಷಿನ್ನೇ ಕೊಡೋ ಸಿಗ್ನಲ್) ಸಿಕ್ಕಿಸಿ, 1 ಕಿಲೋಹರ್ಟ್ಜ್, 0.3 ವೋಲ್ಟ್ ಸ್ಕ್ವೇರ್ ವೇವ್ ಎರಡೂ ಚಾನೆಲಲ್ಲಿ, ಅದು ಕಾಣಿಸೋ ಪ್ರತಿ ರೇಂಜಲ್ಲೂ ನೋಡಿ. ಸ್ವಿಚ್ ತಿರುಗಿಸಿದಾಗ ಗೆರೆ ಹಾರಿದ್ರೆ ಕಾಂಟ್ಯಾಕ್ಟ್ ಕೊಳೆ ಅಷ್ಟೇ, ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಐದು ರೈಲಿನ ರೀಡಿಂಗ್ ಸಿಕ್ಕಿದ್ಮೇಲೆ ಬರ್ದು ಕಳ್ಸಿ, ಮುಂದೆ ಎಲ್ಲಿ ನೋಡ್ಬೇಕು ಹೇಳ್ತೀನಿ.